ಬುಧವಾರದ ಬಾರ್ಲಿ

ಬಾಗಿಲು ತೆರೆದರೆ ಕೆಳಗಿನ ಮಹಡಿಯ ಪುಸ್ತಕ ಬೈಂಡಿಂಗ್ ಅಂಗಡಿಯ ಮೇಡಂ ನಿಂತಿದ್ದಳು. ಗಡಿಯಾರ ರಿಪೇರಿಯವನು ಅರ್ಧ ಹೆಜ್ಜೆ ಹಿಂದೆ ಸರಿದ. ಆಗಷ್ಟೇ ಅವನ ಕೋಣೆಯ ಹನ್ನೊಂದು ಗಡಿಯಾರಗಳು ಒಂದರ ಹಿಂದೊಂದು ಹನ್ನೆರಡು ಹೊಡೆದಿದ್ದವು.

"ಗಲಾಟೆ ಜಾಸ್ತಿ ಆಯ್ತಾ? ತಪ್ಪಾಯ್ತು, ಗಂಟೆ ನಿಲ್ಲಿಸ್ತೀನಿ."

"ಗಡಿಯಾರ ಎಲ್ಲಾ ಸರಿಯಾಗೇ ಇವೆ. ಕೆಟ್ಟಿರೋದು ನೀವು," ಎನ್ನುತ್ತಾ ಅವಳು ಒಳಗೆ ಬಂದೇಬಿಟ್ಟಳು. ಕೈಯಲ್ಲಿ ಬೇಯಿಸಿ ಆರಿಸಿದ ಬಾರ್ಲಿಯ ಡಬ್ಬಿ, ತರಕಾರಿ ಚೀಲ. "ಹಾರ್ಟ್ ಆಪರೇಷನ್ ಮಾಡಿಸ್ಕೊಂಡು ಬಂದವರು ಮೂರು ಹೊತ್ತೂ ಟೀ, ಬ್ರೆಡ್ಡಲ್ಲೇ ಇದ್ದೀರಂತೆ. ಔಷಧಿ ಅಂಗಡಿಯವರು ಹೇಳಿದ್ರು."

ನಲವತ್ನಾಲ್ಕರ ಆ ಒಂಟಿ ಗಂಡಸಿಗೆ ಅಡುಗೆಮನೆಯೆಂದರೆ ಟೀ ಕಾಯಿಸುವ ಜಾಗವಷ್ಟೇ. ಅವಳು ಚಾಕು, ಸೌತೆಕಾಯಿ ಕೊಟ್ಟು ಕೂರಿಸಿದಳು. ಅವನು ಉಸಿರು ಬಿಗಿಹಿಡಿದು ಒಂದೊಂದೇ ಹೋಳನ್ನು ಅಳೆದಂತೆ ಹೆಚ್ಚತೊಡಗಿದ.

"ಅಯ್ಯೋ, ಅದೇನು ವಾಚಿನ ಸ್ಕ್ರೂನಾ? ಹೀಗಾದ್ರೆ ಮಧ್ಯಾಹ್ನದ ಊಟ ನಾಳೆಗೇ!"

ಅವನು ತಲೆ ಎತ್ತಿದ. ನಗು ತಡೆಯಲು ಅವಳು ಕೆಳತುಟಿ ಕಚ್ಚಿಕೊಂಡಿದ್ದಳು. ಬೆರಳ ತುದಿಯಲ್ಲಿ ಒಣಗಿದ ಅಂಟು. ಕಣ್ಣು ಕಣ್ಣು ಕೂಡಿದ್ದೇ ತಡ, ಇಬ್ಬರೂ ಬಾರ್ಲಿಯ ಡಬ್ಬಿಯನ್ನೇ ದಿಟ್ಟಿಸಿದರು.

ಸೌತೆಕಾಯಿ, ಟೊಮೆಟೊ, ದಾಳಿಂಬೆ ಕಾಳು, ಒಂದು ಹಿಡಿ ಹುರಿದ ಕಡಲೆಬೀಜ. ಮೇಲೆ ನಿಂಬೆರಸ, ಚಿಟಿಕೆ ಮೆಣಸಿನ ಪುಡಿ, ಹೆಸರಿಗಷ್ಟೇ ಉಪ್ಪು. ಹತ್ತು ನಿಮಿಷದ ಕೆಲಸ.

"ಹೇಗಿದೆ?"

"ಹುಲ್ಲು ಮೇಯ್ದ ಹಾಗಿದೆ."

"ಹಾಗಾದ್ರೆ ಮುಂದಿನ ಬುಧವಾರನೂ ಬರ್ತೀನಿ. ಬಾಯಿಗೆ ಹಿಡಿಸೋವರೆಗೂ ಬಿಡಲ್ಲ."

ಮೂರು ತಿಂಗಳು ಕಳೆಯಿತು. ಬುಧವಾರ ಬೆಳಿಗ್ಗೆ ಅವನು ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಕಾಯುವುದನ್ನು ಕಲಿತ. ಮಾತೊಂದು ಗಂಟಲವರೆಗೂ ಬರುತ್ತಿತ್ತು. ಎದೆಯ ಮೇಲಿನ ಹೊಲಿಗೆ ನೆನಪಾಗಿ ನುಂಗಿಕೊಳ್ಳುತ್ತಿದ್ದ.

ಅಷ್ಟರಲ್ಲಿ ದೂರದಲ್ಲಿದ್ದ ಅವಳ ಅಕ್ಕ ತೀರಿಕೊಂಡಳು. ಮೂರು ವಾರ ಅವಳ ಸುಳಿವಿರಲಿಲ್ಲ. ನಾಲ್ಕನೆಯ ಬುಧವಾರ ಬರಿಗೈಯಲ್ಲಿ ಬಂದಳು, ಅರ್ಧಕ್ಕರ್ಧ ಇಳಿದುಹೋಗಿದ್ದಳು.

"ನೀವು ಕೂತ್ಕೊಳ್ಳಿ. ಇವತ್ತು ನಾನೇ ಮಾಡ್ತೀನಿ," ಎಂದ. ಅವಳು ಬರಬಹುದೆಂದು ಪ್ರತಿ ವಾರವೂ ಎರಡು ಪಾಲು ಬಾರ್ಲಿ ಬೇಯಿಸಿದ್ದ. ಅದನ್ನು ಹೇಳಲಿಲ್ಲ.

ಅವಳು ಎರಡು ಚಮಚ ತಿಂದಳು. "ಚೆನ್ನಾಗಿದೆ," ಎಂದು ಬಟ್ಟಲು ಪಕ್ಕಕ್ಕಿಟ್ಟಳು. "ಅಕ್ಕನ ಚಿಕ್ಕ ಮಗಳಿಗೆ ಇನ್ನೂ ಎರಡು ವರ್ಷ. ನನ್ನ ತೋಳಿಂದ ಇಳಿಯಲ್ಲ. ಮಕ್ಕಳ ಮುಖ ನೋಡಿ ಭಾವನ್ನ ಮದುವೆ ಆಗೋಕೆ ಒಪ್ಕೊಂಡೆ. ನಾಳೆ ಅಂಗಡಿ ಖಾಲಿ ಮಾಡ್ತೀನಿ."

ಅವನ ಕೈಯ ಚಮಚ ಅಲ್ಲೇ ನಿಂತಿತು. "ನಾನೊಂದು ಮಾತು ಹೇಳೋದಿತ್ತು..."

"ಗೊತ್ತು. ಮೂರು ತಿಂಗಳು ಕಾದೆನಲ್ಲ. ಯಾಕೆ ಹೇಳ್ಲಿಲ್ಲ?"

"ಹೊಲಿಗೆ ಹಾಕಿದ ಎದೆ ಇದು. ಇದನ್ನ ನಂಬ್ಕೊಂಡು ಬನ್ನಿ ಅಂತ ಯಾವ ಬಾಯಲ್ಲಿ ಕರೀಲಿ?"

"ನಂಬೋದು ಬಿಡೋದು ನನಗೆ ಬಿಟ್ಟಿದ್ದಲ್ವಾ?" ಅವಳ ದನಿ ಮೊದಲ ಸಲ ಏರಿತು. "ಒಂದು ಮಾತು ಕೇಳಬಾರದಿತ್ತಾ?"

"ತಪ್ಪಾಯ್ತು. ನೀನಂದ್ರೆ ನನಗೆ ಜೀವ."

'ನೀವು' ಎಂಬುದು 'ನೀನು' ಆಗಿದ್ದು ಅವನಿಗೇ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ಅಂಗೈಯಲ್ಲಿ ಕಣ್ಣು ಮುಚ್ಚಿಕೊಂಡು, "ನನಗೂ," ಎಂದಳು. ಆಮೇಲೆ ಕಣ್ಣೊರೆಸಿಕೊಂಡಳು. ಬಟ್ಟಲಲ್ಲಿದ್ದದ್ದನ್ನು ಒಂದು ಕಾಳೂ ಬಿಡದೆ ತಿಂದು ಮುಗಿಸಿ ಎದ್ದಳು.

"ಹೋಗ್ತೀನಿ."

"ಹಾಗನ್ನಬೇಡ. ಬರ್ತೀನಿ ಅನ್ನು."

ಚಿಲಕದ ಮೇಲೆ ಕೈಯಿಟ್ಟು ಅವಳು ನಿಂತಳು.

"ನಿನ್ನ ಹತ್ರ ಸುಳ್ಳು ಹೇಳೋಕೆ ಬರಲ್ಲ ಕಣೋ," ಎಂದಳು ಕೊನೆಗೆ. ಮೆಟ್ಟಿಲಿಳಿಯುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ.