ಬಾಲದವನ ನಡಿಗೆ

ಅವಳು ತಟ್ಟನೆ ಹಿಂದಿರುಗಿ ನೋಡಿದಾಗ ನಾನು ಕುಂಟುತ್ತಿದ್ದೆ. ನನ್ನ ಕಾಲುಗಳೆರಡೂ ಗಟ್ಟಿಮುಟ್ಟಾಗಿದ್ದವು. ತೊಂದರೆಯೇ ಅದು.

"ಏನ್ರೀ ಅದು?" ಅಂದಳು.

"ಯಾವುದು?"

"ಅದೇ, ನಿಮ್ಮ ಕಾಲು. ಬೆಳಿಗ್ಗೆ ಬಸ್ಸಿಂದ ಜಿಂಕೆ ಥರ ಹಾರಿ ಇಳಿದ್ರಿ. ಈಗ ನೋಡಿದ್ರೆ ಥೇಟ್ ನನ್ನ ಹಾಗೇ ಕುಂಟ್ತಿದೀರಿ. ಅಣಕಿಸ್ತಿದೀರಾ?"

ಸುತ್ತ ದಟ್ಟ ಕಾಡು. ಮರದ ಬೇರುಗಳೇ ಮೆಟ್ಟಿಲಾಗಿದ್ದ ಕಡಿದಾದ ದಾರಿ. ಓಡಿಹೋಗಲು ಜಾಗವಿರಲಿಲ್ಲ, ಇದ್ದರೂ ಓಡುವಂತಿರಲಿಲ್ಲ, ಏಕೆಂದರೆ ಆ ದಿನ ನಾನು ಬಾಲ.

ನಮ್ಮ ಚಾರಣದ ಗುಂಪಿನಲ್ಲಿ ಬ್ಯಾಗಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ಎಲ್ಲರಿಗಿಂತ ಹಿಂದೆ ನಡೆಯುವವನಿಗೆ ಬಾಲ ಎಂದು ಹೆಸರು. ಅವನು ಯಾರನ್ನೂ ದಾಟುವಂತಿಲ್ಲ. ಯಾರು ಎಲ್ಲರಿಗಿಂತ ನಿಧಾನವೋ ಅವರ ಹಿಂದೆಯೇ ಅವನ ದಾರಿ. ಆ ದಿನ ನಿಧಾನವಾಗಿದ್ದವಳು ಇವಳು, ಗುಂಪಿಗೆ ಹೊಸಬಳು, ಯಾವುದೋ ಶಾಲೆಯ ಆಟದ ಟೀಚರ್.

"ಅಣಕ ಅಲ್ಲ. ನಾನು ಫಿಸಿಯೋಥೆರಪಿಸ್ಟ್," ಎಂದೆ.

"ಓಹೋ, ಅಣಕಿಸೋಕೆ ಡಿಗ್ರಿ ಬೇರೆ ಕೊಡ್ತಾರಾ?"

ಅವಳ ಒಂದು ಹುಬ್ಬು ಮಾತ್ರ ಮೇಲೇರಿತ್ತು. ಇಂಥವನ ಮೇಲಿನ ಸಿಟ್ಟಿಗೆ ಒಂದೇ ಸಾಕು ಎಂಬಂತೆ ಇನ್ನೊಂದು ಇದ್ದಲ್ಲೇ ಇತ್ತು. ಹಣೆಯ ಬೆವರಿಗೆ ಒಂದೆಳೆ ಕೂದಲು ಅಂಟಿಕೊಂಡು ಪ್ರಶ್ನಾರ್ಥಕ ಚಿಹ್ನೆಯಂತೆ ಬಾಗಿತ್ತು. ಉತ್ತರ ನಾನು ಕೊಡಬೇಕಿತ್ತು.

ನಿಜ ಹೇಳಬೇಕೆಂದರೆ ಇದು ನನ್ನ ಕಸುಬಿನ ಚಟ. ಕ್ಲಿನಿಕ್ಕಿನ ಕಾರಿಡಾರಿನಲ್ಲಿ ರೋಗಿ ಮುಂದೆ, ನಾನು ಹಿಂದೆ. ಅವರು ಹೇಗೆ ನಡೆದರೆ ಹಾಗೆ ನಾನೂ ನಡೆಯುತ್ತೇನೆ. ನೋವು ಎಲ್ಲಿ ಎಂದು ಕೇಳಿದರೆ ಜನ ಮೊಣಕಾಲು ತೋರಿಸುತ್ತಾರೆ. ಅವರ ಹಾಗೆ ನಡೆದು ನೋಡಿದರೆ ನನ್ನ ಸೊಂಟ ಕೂಗಿಕೊಳ್ಳುತ್ತದೆ. ಹೊರಗೂ ಈ ಚಟ ಬಿಡುವುದಿಲ್ಲ. ಸಿನಿಮಾ ಕ್ಯೂನಲ್ಲಿ ಮುಂದಿದ್ದವರ ಹಾಗೇ ನಿಂತು ಬೈಸಿಕೊಂಡಿದ್ದೇನೆ. ಇವಳ ಹಿಂದೆ ನಡೆಯುತ್ತಾ ನನಗೆ ಅರಿವಿಲ್ಲದೆಯೇ ನನ್ನ ಬಲಗಾಲು ಬೇರೆಯವರ ಮನೆಯ ಹೊಸ ಸೋಫಾದ ಮೇಲೆ ಕೂತವರಂತೆ ಅರೆಮನಸ್ಸಿನಿಂದ ಊರಿ ಏಳತೊಡಗಿತ್ತು. ಅವಳು ಕಾಲೆಳೆಯುತ್ತಾ ಹತ್ತುತ್ತಿದ್ದಳು. ನಾನು ಅವಳ ಕಾಲೆಳೆಯುತ್ತಿದ್ದೇನೆ ಎಂದುಕೊಂಡಳು.

ಇದನ್ನೆಲ್ಲ ವಿವರಿಸಿದೆ. ಕೇಳಿಸಿಕೊಂಡಳು. "ಮುಂದೆ ಹೋಗಿ," ಎಂದಳು.

"ಹೋಗೋ ಹಾಗಿಲ್ಲ. ನಾನು ಬಾಲ."

"ಹಾಗಾದ್ರೆ ಮರ ನೋಡ್ಕೊಂಡು ಬನ್ನಿ."

ಮರ ನೋಡುತ್ತಾ ಹೋಗಿ ಎರಡು ಸಲ ಎಡವಿದೆ. ಎರಡನೇ ಸಲ ಅವಳ ಭುಜ ಸಣ್ಣಗೆ ಅಲುಗಿತು. ನಕ್ಕಳೋ ಕೆಮ್ಮಿದಳೋ, ಹಿಂದಿನಿಂದ ತಿಳಿಯಲಿಲ್ಲ.

ಮೊದಲ ವ್ಯೂಪಾಯಿಂಟಿನಲ್ಲಿ ಕಾಡು ಸ್ವಲ್ಪ ಪಕ್ಕಕ್ಕೆ ಸರಿದು ಕೂತಿತ್ತು. ಕೆಳಗೆ ನಾವು ಬಿಟ್ಟು ಬಂದ ಊರು ಯಾರೋ ಚೆಲ್ಲಿದ ಅಂಗಿಯ ಗುಂಡಿಗಳಂತೆ ಹರಡಿಕೊಂಡಿತ್ತು. ನನ್ನ ದೊಡ್ಡಮ್ಮ ಆಗಲೇ ಬಂಡೆಯ ಮೇಲೆ ಕಾಲು ಚಾಚಿ ಕೂತು ಕಿತ್ತಳೆ ಸುಲಿಯುತ್ತಿದ್ದಳು. ವಯಸ್ಸು ಅರವತ್ತು ದಾಟಿದರೂ ಬೆಟ್ಟ ಬಿಡದವಳು. ನನಗೆ ಹೆಣ್ಣು ಹುಡುಕುವ ಕೆಲಸವನ್ನು ಯಾರೂ ಕೊಡದೆ ತಾನೇ ಎತ್ತಿಕೊಂಡವಳು. ಅವಳ ಕೈಯಲ್ಲಿ ಒಂದು ಕಿತ್ತಳೆ ಸುಲಿದು ಮುಗಿಯುವಷ್ಟರಲ್ಲಿ ಎದುರು ಕೂತವರ ಬದುಕೂ ಸುಲಿದುಕೊಂಡು ಈಚೆ ಬಂದಿರುತ್ತದೆ.

"ಕಾಲಿಗೇನಮ್ಮಾ ಆಯ್ತು?" ಎಂದು ಟೀಚರಿಗೆ ಒಂದು ತೊಳೆ ಕೊಟ್ಟಳು.

"ಹೋದ ವರ್ಷ ಮಕ್ಕಳಿಗೆ ರಿಲೇ ಹೇಳ್ಕೊಡ್ತಾ ಬಿದ್ದೆ ಆಂಟಿ. ಮಂಡಿ ಒಳಗೆ ಹರಿದುಹೋಯ್ತು. ಆಪರೇಷನ್ ಆಯ್ತು. ಈಗ ಸರಿಹೋಗಿದೆ ಅಂತ ಡಾಕ್ಟ್ರು ಅಂತಾರೆ. ಕಾಲು ಅನ್ನಲ್ಲ."

"ಮತ್ತೆ ಈ ಬೆಟ್ಟ ಯಾಕೆ ತಾಯಿ, ಪಾರ್ಕು ಸಾಕಿತ್ತಲ್ಲ."

ಅವಳು ತೊಳೆಯ ಮೇಲಿನ ಬಿಳಿ ನಾರನ್ನು ಒಂದೊಂದಾಗಿ ಬಿಡಿಸುತ್ತಾ ಕೂತಳು. "ಸೋಮವಾರ ಹೆಡ್‌ಮಾಸ್ಟರಿಗೆ ಹೇಳ್ಬೇಕು. ಮೈದಾನಕ್ಕೆ ವಾಪಸ್ ಬರ್ತೀನಾ, ಇಲ್ಲ ಲೈಬ್ರರಿ ಕುರ್ಚಿ ಸಾಕಾ ಅಂತ. ಅದಕ್ಕೇ ಕಾಲನ್ನೇ ಕೇಳೋಣ ಅಂತ ಬಂದೆ. ಮೂರನೇ ವ್ಯೂಪಾಯಿಂಟ್ ಹತ್ತಿ ಇಳಿದ್ರೆ ಮೈದಾನ. ಇಲ್ಲಾಂದ್ರೆ ಲೈಬ್ರರಿ."

"ಲೈಬ್ರರೀಲಿ ಏನು ಕಷ್ಟ? ಫ್ಯಾನ್ ಇರುತ್ತೆ."

"ಸೀಟಿ ಊದೋ ಹಾಗಿಲ್ಲ ಆಂಟಿ."

ದೊಡ್ಡಮ್ಮ ಇನ್ನೊಂದು ತೊಳೆ ಕೊಟ್ಟಳು. ಆಮೇಲೆ ನನ್ನ ಕಡೆ ಕಣ್ಣು ಹಾಯಿಸಿ, "ಲೋ, ಹುಡುಗಿ ಮುಖದಲ್ಲಿ ಏನೂ ಬರೆದಿಲ್ಲ. ನಿನ್ನ ಕಿತ್ತಳೆ ತಿನ್ನು," ಎಂದಳು, ಕಣಿವೆಗೆಲ್ಲ ಕೇಳಿಸುವಂತೆ.

ಅಲ್ಲಿಂದ ಮುಂದೆ ಮರಗಳು ಎತ್ತರವಾದವು, ಬೆಳಕು ಸೋಸಿದಂತೆ ಬೀಳತೊಡಗಿತು. ನಾನು ಮರ ನೋಡಲಿಲ್ಲ. ಬಾಲಕ್ಕೆ ಇನ್ನೊಂದು ಕೆಲಸವಿದೆ. ಎರಡನೇ ವ್ಯೂಪಾಯಿಂಟಿನಿಂದ ಕೆಳಗೊಂದು ಜೀಪ್ ದಾರಿ ಇಳಿಯುತ್ತದೆ. ಮೇಲಕ್ಕೆ ಬರೀ ಬಂಡೆ. ಯಾರು ಹತ್ತಬಹುದು, ಯಾರು ಇಳಿಯಬೇಕು ಎಂದು ಅಲ್ಲಿ ಹೇಳಬೇಕಾದವನು ಬಾಲ, ಏಕೆಂದರೆ ಎಲ್ಲರ ನಡಿಗೆಯನ್ನು ಹಿಂದಿನಿಂದ ಕಂಡವನು ಅವನೊಬ್ಬನೇ. ಅವನ ಮಾತಿಗೆ ಎದುರು ಮಾತಿಲ್ಲ, ಇದು ನಮ್ಮ ಗುಂಪಿನ ಕಟ್ಟುನಿಟ್ಟು.

ಎರಡನೇ ವ್ಯೂಪಾಯಿಂಟಿನ ಕೆಳಗೆ ಸರೋವರವೊಂದು ಇಡೀ ಆಕಾಶವನ್ನು ಮಡಿಲಲ್ಲಿ ಹಾಕಿಕೊಂಡು ಮಲಗಿತ್ತು. ಎಲ್ಲರೂ ಅದನ್ನು ನೋಡುತ್ತಿದ್ದರು. ಅವಳು ನನ್ನನ್ನು ನೋಡುತ್ತಿದ್ದಳು.

ಕ್ಯಾಪ್ಟನ್ ಬಂದರು. ನಮ್ಮ ಮುಂದಾಳು. ಯಾವ ಸೈನ್ಯದಲ್ಲೂ ಇದ್ದವರಲ್ಲ, ತಲೆಯ ಮೇಲಿಂದ ಕ್ಯಾಪ್ ಇಳಿಸದ್ದಕ್ಕೆ ಕ್ಯಾಪ್ಟನ್. "ಹೇಳಪ್ಪ ಬಾಲ, ಯಾರು ಕೆಳಗೆ?"

ಬಲಗಾಲು ಭಾರ ಹೊರುತ್ತಿಲ್ಲ, ಎಡಸೊಂಟ ಎರಡಾಳಿನ ಕೆಲಸ ಮಾಡುತ್ತಿದೆ, ಮುಂದೆ ಬಂಡೆ. ಬೇರೆ ಯಾರಾಗಿದ್ದರೂ ಕೂಡಲೇ ಹೇಳಿಬಿಡುತ್ತಿದ್ದೆ. ಇವಳಾದ್ದರಿಂದ ಮೊದಲು ನನ್ನ ಶೂ ಲೇಸು ಬಿಗಿದುಕೊಂಡೆ.

"ಟೀಚರ್ ಇಳಿಯೋದು ಒಳ್ಳೇದು," ಎಂದೆ.

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ಬಾಟಲಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಮುಚ್ಚಿದಳು.

"ಹೋಗ್ಲಿ ಬಿಡಿ," ಎಂದಳು. "ಫ್ಯಾನ್ ಇರುತ್ತೆ."

ಮಾತಿಗೆ ಮಾತು ಜೋಡಿಸಿ ನಗಿಸುವ ನನ್ನ ಬಾಯಿ ಬೇಕಾದ ಹೊತ್ತಿಗೆ ಬೀಗ ಹಾಕಿದ ಅಂಗಡಿ.

ಅದೇ ಹೊತ್ತಿಗೆ ದೊಡ್ಡಮ್ಮ, ಸರೋವರದ ಜೊತೆ ತನ್ನ ಮುಖವೂ ಫೋಟೋದಲ್ಲಿ ಬರಲಿ ಎಂದು ಫೋನ್ ಎತ್ತಿ ಹಿಡಿದು ಹಿಂದಕ್ಕೆ ಹೆಜ್ಜೆ ಇಟ್ಟಳು. ಹಿಂದೆ ಪಾಚಿ ಕಟ್ಟಿದ ಇಳಿಜಾರು ಬಂಡೆ. ಅವಳ ಶೂ ಸರ್ರೆಂದು ಜಾರಿತು.

ನಾನು ಅಯ್ಯೋ ಅನ್ನುವಷ್ಟರಲ್ಲಿ ಟೀಚರ್ ಅಲ್ಲಿದ್ದಳು. ಎರಡೇ ನೆಗೆತ. ದೊಡ್ಡಮ್ಮನ ತೋಳು ಹಿಡಿದು, ಕಾಲು ಮುಂದೆ ಊರಿ, ಮಂಡಿ ಬಗ್ಗಿಸಿ, ಹಿಂದಕ್ಕೆ ವಾಲಿ ಒಂದೇ ಎಳೆತಕ್ಕೆ ಅವಳನ್ನು ಮೇಲೆ ತಂದು ಕೂರಿಸಿದಳು. ದೊಡ್ಡಮ್ಮನ ತೂಕ ಎಷ್ಟೆಂದು ಇಲ್ಲಿ ಹೇಳಿದರೆ ನನಗೆ ಆ ಮನೆಯಲ್ಲಿ ಊಟ ಸಿಗುವುದಿಲ್ಲ. ಕಡಿಮೆಯಲ್ಲ ಎಂದಷ್ಟೇ ಹೇಳಬಲ್ಲೆ.

"ಫೋಟೋ ಬಂತಾ ನೋಡೋ," ಎಂದಳು ದೊಡ್ಡಮ್ಮ, ಏದುಸಿರಿನ ನಡುವೆ.

ನಾನು ನೋಡುತ್ತಿದ್ದದ್ದು ಬೇರೆ.

"ಕ್ಯಾಪ್ಟನ್, ನನ್ನ ಮಾತು ವಾಪಸ್. ಟೀಚರ್ ಹತ್ತಬಹುದು."

ಅವಳ ಮುಖ ಬಿಗಿದುಕೊಂಡಿತು. "ನಿಮ್ಮ ದೊಡ್ಡಮ್ಮನ್ನ ಹಿಡಿದಿದ್ದಕ್ಕೆ ಉಡುಗೊರೆನಾ? ಬೇಡ."

"ಯಾವ ಕಾಲಿನ ಮೇಲೆ ನಿಂತು ಹಿಡಿದ್ರಿ?"

"ಎಡ," ಎಂದವಳು ಅಲ್ಲಿಗೇ ನಿಂತಳು. ತಲೆ ಬಗ್ಗಿಸಿ ನೋಡಿಕೊಂಡಳು. ಅವಳ ಬಲಗಾಲು ಇನ್ನೂ ಮುಂದೆಯೇ ಇತ್ತು, ಬಂಡೆಗೆ ಬೇರು ಬಿಟ್ಟಂತೆ.

"ನಾನು ಬೆಳಿಗ್ಗೆಯಿಂದ ನೋವು ಹುಡುಕ್ತಿದ್ದೆ," ಎಂದೆ. "ಹುಡುಕಿದ್ದೇ ತಪ್ಪು. ಅದು ನೋವಲ್ಲ, ಹೆದರಿಕೆ. ತೋರಿಸ್ತೀನಿ, ಈ ಸಲ ನೀವು ಒಪ್ಪಿದ್ರೆ ಮಾತ್ರ."

ಅವಳು ಗದ್ದವನ್ನು ಒಂದಿಷ್ಟು ಕೆಳಗೆ ಮಾಡಿದಳು. ಒಪ್ಪಿಗೆ ಎಂದುಕೊಂಡೆ.

ಬಂಡೆಯ ಆ ತುದಿಯಿಂದ ಈ ತುದಿಗೆ ನಡೆದೆ, ಬೆಳಿಗ್ಗೆಯಿಂದ ಅವಳು ನಡೆದ ಹಾಗೆ. ಬಿಗಿ ಹಿಡಿದ ಭುಜ, ಮುಟ್ಟಿ ಮುಟ್ಟದ ಬಲಹೆಜ್ಜೆ, ಕೆಳಗೇ ನೆಟ್ಟ ಕಣ್ಣು. ಆಮೇಲೆ ಆ ಎರಡು ನೆಗೆತ ಹಾಕಿ ತೋರಿಸಿದೆ, ಕೊನೆಗೆ ಅದೃಶ್ಯ ದೊಡ್ಡಮ್ಮನೊಬ್ಬಳನ್ನು ಎಳೆದು ಕೂರಿಸಿದೆ. ಗುಂಪೆಲ್ಲ ನಕ್ಕಿತು. ಅವಳು ನಗಲಿಲ್ಲ. ಎರಡೂ ಕೈ ಬಾಯಿಗೆ ಹೋಗಿದ್ದವು.

"ನಾನು ಹಾಗಾ ನಡೀತೀನಿ?" ಎಂದಳು ಮೆಲ್ಲಗೆ. "ಯಾರೋ ಮಲಗಿರೋ ಮನೇಲಿ ಓಡಾಡಿದ ಹಾಗೆ?"

"ಹಾಗೇ. ಮಲಗಿದ್ದವರು ಎದ್ದು ಯಾವ ಕಾಲ ಆಯ್ತೋ. ನೀವಿನ್ನೂ ಸದ್ದು ಮಾಡದೆ ನಡೀತಿದೀರಿ."

ಅವಳು ಕೈ ಇಳಿಸಿದಳು. ಬಲಗಾಲನ್ನು ಎತ್ತಿ ಬಂಡೆಯ ಮೇಲೆ ಧೊಪ್ಪನೆ ಕುಟ್ಟಿದಳು. ಇನ್ನೊಮ್ಮೆ ಕುಟ್ಟಿದಳು. ಆಮೇಲೆ ಮೇಲಿನ ದಾರಿಯ ಕಡೆ ತಿರುಗಿ, "ಮರ ನೋಡ್ಕೊಂಡೇ ಬನ್ನಿ," ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

ಆ ಏರು ಸುಲಭವಾಗಿತ್ತು ಎಂದರೆ ಸುಳ್ಳು. ಕೆಲವೆಡೆ ಕೈಗಳಿಂದಲೂ ನಡೆಯಬೇಕಾಯಿತು. ಕಾಲಿನ ನೆನಪಾದಾಗೆಲ್ಲ ಅವಳಿಗೆ ಕುಂಟು ಮರಳಿ ಬರುತ್ತಿತ್ತು. ಮರೆಸುವುದೊಂದೇ ಮದ್ದು, ಅದರ ಅಂಗಡಿ ನನ್ನ ಗಂಟಲಲ್ಲಿತ್ತು. ಈಗ ಬೀಗ ತೆಗೆದೆ.

"ನಿಮ್ಮ ಹೆಡ್‌ಮಾಸ್ಟರ್ ಹೇಗೆ ಮಾತಾಡ್ತಾರೆ?"

"ಮೊದಲು ಗಂಟಲು ಸರಿ ಮಾಡ್ಕೋತಾರೆ. ಪ್ರತಿ ಮಾತಿಗೂ ಕೊನೇಲಿ ಅಲ್ಲವೇ ಅಂತಾರೆ."

"ಹ್ಞುಂ ಹ್ಞುಂ. ಟೀಚರ್, ಇದು ಬೆಟ್ಟ, ಅಲ್ಲವೇ? ಬೆಟ್ಟ ಅಂದ ಮೇಲೆ ಎತ್ತರ ಇರುತ್ತೆ, ಅಲ್ಲವೇ?"

"ಇನ್ನೂ ಸ್ವಲ್ಪ ಮೂಗಿಂದ."

ಮೂಗಿನಿಂದ ಹೇಳಿದೆ. ಅವಳು ಬಂಡೆಯೊಂದಕ್ಕೆ ಹಣೆ ಒರಗಿಸಿ ನಕ್ಕಳು, ನಗುತ್ತಲೇ ಬಲಗಾಲನ್ನು ಮೇಲಿನ ಬಿರುಕಿಗೆ ಊರಿ ಹತ್ತಿಬಿಟ್ಟಳು. ನಾನು ಕಂಡದ್ದನ್ನು ಹೇಳಲಿಲ್ಲ. ಹೇಳಿದರೆ ನೆನಪಾಗುತ್ತಿತ್ತು.

ಮೂರನೇ ವ್ಯೂಪಾಯಿಂಟಿನಲ್ಲಿ ಗಾಳಿಯದೇ ಕಾರುಬಾರು. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನಷ್ಟು, ಹಸಿರು ನೀಲಿಯಾಗಿ ನೀಲಿ ಬೂದಾಗಿ ಕೊನೆಗೆ ಯಾವುದು ಬೆಟ್ಟ ಯಾವುದು ಮೋಡ ಎಂದೇ ತಿಳಿಯದ ಹಾಗೆ. ಅವಳ ಕಣ್ಣು ತುಂಬಿತ್ತು. ನಾನು ಮರ ನೋಡೋಣವೆಂದರೆ ಅಷ್ಟು ಮೇಲೆ ಮರಗಳೇ ಇರಲಿಲ್ಲ.

"ಲೈಬ್ರರಿಗೆ ಹೋಗ್ತೀನಿ," ಎಂದಳು ಕೊನೆಗೆ.

ನಾನು ಥಟ್ಟನೆ ಅವಳ ಕಡೆ ತಿರುಗಿದೆ.

"ಪುಸ್ತಕ ತರೋಕೆ." ಕಣ್ಣೊರೆಸಿಕೊಂಡು ನನ್ನ ಬ್ಯಾಗಿನಿಂದ ಕೆಂಪು ಪಟ್ಟಿಯನ್ನು ಬಿಚ್ಚಿದಳು. "ಇಳಿಯುವಾಗ ಬಾಲ ನಾನು. ನಡೀರಿ ಮುಂದೆ."

ಕ್ಯಾಪ್ಟನ್ ಬಾಯಿ ತೆರೆದರು. ದೊಡ್ಡಮ್ಮ ಅದಕ್ಕೊಂದು ಕಿತ್ತಳೆ ತೊಳೆ ತುರುಕಿದಳು.

ಊರವರ ನಡಿಗೆಯನ್ನೆಲ್ಲ ಹಿಂದಿನಿಂದ ಕಂಡವನಿಗೆ ತನ್ನ ಬೆನ್ನ ಹಿಂದೆ ಎರಡು ಕಣ್ಣಿದ್ದರೆ ಹೇಗಿರುತ್ತದೆ ಎಂದು ಅಂದು ತಿಳಿಯಿತು. ಬೆನ್ನು ಬೆಚ್ಚಗಾಗುತ್ತದೆ. ಕೈ ಎಲ್ಲಿಡಬೇಕೆಂದು ಮರೆತುಹೋಗುತ್ತದೆ. ಇಳಿಜಾರು ಮಂಡಿಗೆ ಕಷ್ಟ ಎಂಬ ನೆಪದಲ್ಲಿ ಆಗಾಗ ತಿರುಗಿ "ಸರಿ ಇದೀರಾ?" ಎಂದು ಕೇಳುತ್ತಿದ್ದೆ. ಅವಳು ಪ್ರತಿ ಸಲವೂ "ಹ್ಞೂಂ" ಎನ್ನುತ್ತಿದ್ದಳು. ಅವಳ ಎರಡೂ ಹೆಜ್ಜೆಗಳ ಸದ್ದು ಒಂದೇ ತೂಕದಲ್ಲಿ ಕೇಳುತ್ತಿತ್ತು, ಆದರೂ ಕೇಳುವುದನ್ನು ಬಿಡಲಿಲ್ಲ.

ಕೆಳಗೆ ಬಸ್ಸು ನಿಂತಿತ್ತು. ಉಳಿದವರು ಹತ್ತುತ್ತಿದ್ದರು.

"ಒಂದು ನಿಮಿಷ ನಿಂತ್ಕೊಳ್ಳಿ," ಎಂದಳು. "ಈಗ ನನ್ನ ಸರದಿ. ನೀವು ಹೇಗೆ ನಡೀತೀರ ತೋರಿಸ್ಲಾ?"

"ನಾನು ಸರಿಯಾಗೇ ನಡೀತೀನಿ. ಅದೇ ನನ್ನ ಕೆಲಸ."

"ನೋಡಿ."

ಅವಳು ನನ್ನೆದುರಿಗೆ ನಡೆದಳು. ನಾಲ್ಕು ಹೆಜ್ಜೆ ನೆಟ್ಟಗೆ. ಆಮೇಲೆ ತಲೆ ಹಿಂದಕ್ಕೆ ತಿರುಗಿತು, ನೋಡಿತು, ಸಿಕ್ಕಿಬಿದ್ದವರ ಹಾಗೆ ಥಟ್ಟನೆ ಮರದ ಕಡೆ ಹೊರಳಿತು. ಕೈ ಸುಮ್ಮನೆ ಕತ್ತು ಸವರಿತು. ಇಲ್ಲದ ಕಲ್ಲಿಗೆ ಎಡವಿತು ಕಾಲು. ಮತ್ತೆ ತಲೆ ಹಿಂದಕ್ಕೆ, ಮತ್ತೆ ಮರ. ಆ ಪೆದ್ದು ನಗು ಬೇರೆ. ಅದು ನನ್ನದೇ, ಕನ್ನಡಿಯೂ ಅದನ್ನು ಇಷ್ಟು ನಿಖರವಾಗಿ ತೋರಿಸಿರಲಿಲ್ಲ. ಅಣಕಿಸಿಕೊಂಡರೆ ಹೇಗಿರುತ್ತದೆಂದು ಗೊತ್ತಾಯಿತು. ಕಿವಿಯವರೆಗೆ ಬಿಸಿಯಾಗುತ್ತದೆ.

ಅವಳು ನಿಂತಳು. ಈಗ ಹುಬ್ಬುಗಳೆರಡೂ ಮೇಲೇರಿದ್ದವು.

"ಫಿಸಿಯೋ ಅವರೇ, ಇದು ಎಲ್ಲಿನ ನೋವು?"

"ನೋವಲ್ಲ," ಎಂದೆ. "ಹೆದರಿಕೆ."

"ಯಾವಾಗಿಂದ?"

"ನೀವು ತಿರುಗಿ ಬೈದಾಗಿಂದ."

"ವಾಸಿ ಆಗುತ್ತಾ?"

"ಆಗೋದು ಬೇಡ."

ಅವಳು ಕೆಂಪು ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಇನ್ನೊಮ್ಮೆ ಸುತ್ತಿದಳು. ಕಣ್ಣೆತ್ತಿ, "ನಂಗೂ ಈ ಹೆದರಿಕೆ ಇದೆ. ಹಾಗೇ ಇರ್ಲಿ," ಎಂದಳು. "ಮೈದಾನಕ್ಕೆ ಸಂಜೆ ಹೊತ್ತು ಬನ್ನಿ. ಮಕ್ಕಳ ಹಾಗೆಲ್ಲ ಓಡಿ ತೋರಿಸ್ಬೇಡಿ, ಅವರು ನನ್ನಷ್ಟು ಒಳ್ಳೆಯವರಲ್ಲ."

ಬಸ್ಸಿನ ಕಿಟಕಿಯಿಂದ ದೊಡ್ಡಮ್ಮನ ಅರ್ಧ ಮೈ ಆಚೆ ಬಂದಿತ್ತು. "ಲೋ, ಇಬ್ಬರು ಕೂರೋ ಸೀಟಿಗೆ ಬ್ಯಾಗ್ ಇಟ್ಟು ಕಾಯ್ತಿದೀನಿ. ಕ್ಯಾಪ್ಟನ್ ಕೇಳ್ತಿದಾರೆ, ನಿಮ್ಮಲ್ಲಿ ಬಾಲ ಯಾರಂತೆ?"

ನಾವು ಮುಖ ಮುಖ ನೋಡಿಕೊಂಡೆವು. ಅವಳು ಪಟ್ಟಿಯನ್ನು ಮಡಚಿ ನನ್ನ ಜೇಬಿಗೆ ಹಾಕಿ, ನನ್ನ ಪಕ್ಕಕ್ಕೆ ಬಂದು ಬಲಗಾಲನ್ನು ಮುಂದಿಟ್ಟಳು.