ಪರದೆಯ ಅಂಚಿನ ಕೊಳೆ

ಹೊಲಿಗೆ ಹಾಕಿದ್ದ ಹೆಬ್ಬೆರಳು ಕೀವುಗಟ್ಟಿ ದರ್ಜಿ ಕ್ಲಿನಿಕ್ಕಿಗೆ ವಾಪಸು ಬಂದ ಬೆಳಿಗ್ಗೆ, ಡಾಕ್ಟರು ಮೊದಲ ಸಲ ನರ್ಸಮ್ಮನ ಮೇಲೆ ದನಿ ಏರಿಸಿದರು. ಹಿಂದಿನ ವಾರ ಅಂಚೆಯವನ ಕಾಲಿನ ಗಾಯಕ್ಕೂ ಇದೇ ಗತಿಯಾಗಿತ್ತು.

"ಸಲಕರಣೆ ಸರಿಯಾಗಿ ಬೇಯಿಸದೆ ಕೊಟ್ಟಿದ್ದೀರಿ. ನಾಳೆಯಿಂದ ಬರಬೇಡಿ."

ನರ್ಸಮ್ಮ ಅಳಲಿಲ್ಲ, ಏಪ್ರನ್ ಬಿಚ್ಚಿ ಮಡಚತೊಡಗಿದರು. ಕಾಂಪೌಂಡರಿಗೆ ಇದು ಸರಿಯೆನಿಸಲಿಲ್ಲ. ಅವನು ನೆಟ್ಟಗೆ ಮಹಡಿ ಹತ್ತಿದ.

ಮಹಡಿಯಲ್ಲಿ ಡಾಕ್ಟರ ಅಕ್ಕ ಇದ್ದರು. ಕಳೆದುಹೋದ ಕನ್ನಡಕದಿಂದ ಹಿಡಿದು ಔಷಧಿ ಬೀರುವಿನ ಕಳ್ಳನವರೆಗೆ ಆ ಕ್ಲಿನಿಕ್ಕಿನ ಗುಟ್ಟುಗಳನ್ನೆಲ್ಲ ಬಯಲಿಗೆಳೆದವರು ಅವರೇ. ಕಾಂಪೌಂಡರ್ ಅವರ ಬಲಗೈ. ಬೈಗುಳ ಧಾರಾಳವಾಗಿ ಸಿಗುತ್ತಿತ್ತು, ಆದರೂ ಅಕ್ಕನೆಂದರೆ ಅವನಿಗೆ ಪ್ರಾಣ.

"ಉಪ್ಪುಖಾರ ಹಚ್ಚದೆ ಹೇಳು," ಎಂದರು ಅಕ್ಕ.

ಕಾಂಪೌಂಡರ್ ನಡೆದದ್ದನ್ನೆಲ್ಲ ಹೇಳಿದ. ಸಲಕರಣೆ ಬೇಯಿಸುವ ಆವಿಯ ಪಾತ್ರೆ ಇದ್ದುದು ಡಾಕ್ಟರ ಕುರ್ಚಿಯ ಹಿಂದೆ, ಪರದೆಯ ಮರೆಯಲ್ಲಿ. ನರ್ಸಮ್ಮ ಸ್ವಿಚ್ಚು ಹಾಕಿ ಪಕ್ಕದ ಕೋಣೆಗೆ ಸೂಜಿ ಚುಚ್ಚಲು ಹೋಗುತ್ತಿದ್ದರು.

"ಆರಿಸೋದು ಯಾರು?"

"ನರ್ಸಮ್ಮನೇ ಅಲ್ವಾ?"

ಅಕ್ಕ ಕೆಳಗಿಳಿದು ನರ್ಸಮ್ಮನನ್ನೂ ಅದನ್ನೇ ಕೇಳಿದರು.

"ಒಂದೊಂದು ದಿನ ನಾನು ಬರೋ ಹೊತ್ತಿಗೆ ಆರಿರುತ್ತೆ. ಬೆಂದಾಯ್ತು ಅಂತ ಕಾಂಪೌಂಡರೇ ಆರಿಸಿದ್ದಾರೆ ಅಂದ್ಕೋತೀನಿ."

ಕಾಂಪೌಂಡರ್ ತಬ್ಬಿಬ್ಬಾದ. ಅವನು ಆ ಸ್ವಿಚ್ಚು ಮುಟ್ಟಿದವನೇ ಅಲ್ಲ.

ಅಕ್ಕ ಪರದೆಯನ್ನು ನೋಡುತ್ತ ನಿಂತರು. ಎಲ್ಲ ಕಡೆ ಬಿಳುಪಾಗಿದ್ದ ಅದರ ಅಂಚು ಒಂದೇ ಒಂದು ಕಡೆ, ಕೂತವರ ಕೈ ಎತ್ತರದಲ್ಲಿ, ಕೊಳೆಯಾಗಿತ್ತು. ಆಮೇಲೆ ಅವರು ದರ್ಜಿಯತ್ತ ತಿರುಗಿದರು.

"ಹೊಲಿಗೆ ಹಾಕಿಸ್ಕೊಂಡ ದಿನ ನಿನಗಿಂತ ಮುಂಚೆ ಒಳಗೆ ಹೋದವರು ಯಾರಪ್ಪ?"

"ನನ್ನ ಮೊಮ್ಮಗಳೇ ಅಮ್ಮ. ಕೆಮ್ಮು ಜೋರಾಗಿತ್ತು, ಮೊದಲು ಅವಳನ್ನ ತೋರಿಸ್ದೆ."

ಅಂಚೆಯವನು ಕೂಡ ಕೆಮ್ಮುವ ಮಗುವೊಂದರ ಹಿಂದೆಯೇ ಒಳಗೆ ಹೋಗಿದ್ದನೆಂದು ಕಾಂಪೌಂಡರಿಗೆ ನೆನಪಾಯಿತು.

ಸಂಜೆ ಅಕ್ಕ ದರ್ಜಿಯ ಮೊಮ್ಮಗಳನ್ನೂ ಕರೆಸಿ, ಎಲ್ಲರನ್ನೂ ಡಾಕ್ಟರ ಕೋಣೆಯಲ್ಲೇ ಸೇರಿಸಿದರು. ಪಾತ್ರೆಯ ಸ್ವಿಚ್ಚನ್ನು ಆಗಲೇ ಹಾಕಿಸಿದ್ದರು. ಅದು ಪರದೆಯ ಹಿಂದೆ ಬುಸುಗುಡುತ್ತಿತ್ತು.

"ಮೊದಲು ಈ ಮಗುವಿನ ಎದೆ ನೋಡು," ಎಂದರು ತಮ್ಮನಿಗೆ.

ಡಾಕ್ಟರು ಸ್ಟೆತಾಸ್ಕೋಪ್ ಕಿವಿಗೇರಿಸಿ, ದರ್ಜಿಯ ಮೊಮ್ಮಗಳ ಬೆನ್ನಿನ ಮೇಲಿಟ್ಟು, ಕಣ್ಣು ಮುಚ್ಚಿ ಆಲಿಸಿದರು. ಅವರ ಎಡಗೈ ತಾನಾಗಿಯೇ ಹಿಂದಕ್ಕೆ ಹೋಗಿ ಪರದೆಯ ಅಂಚು ಸರಿಸಿತು. ಸ್ವಿಚ್ಚು ಟಕ್ಕೆಂದಿತು. ಬುಸುಗುಟ್ಟುವುದು ನಿಂತಿತು.



"ನೋಡ್ಕೊಂಡ್ರಾ?" ಎಂದರು ಅಕ್ಕ. "ಮಗು ಕೆಮ್ಮಿದರೆ ಇವನಿಗೆ ಎದೆಯ ಸದ್ದು ಬಿಟ್ಟು ಬೇರೇನೂ ಬೇಡ. ಅಡ್ಡ ಬರೋ ಸದ್ದನ್ನ ಕೈ ಆರಿಸುತ್ತೆ, ತಲೆಗೆ ಗೊತ್ತೇ ಆಗಲ್ಲ. ಆ ಕೊಳೆ ಇವನ ಬೆರಳಿಂದು. ಆರಿಸಿದ್ದು ಕಾಂಪೌಂಡರ್ ಅಂತ ನರ್ಸಮ್ಮ ಅಂದ್ಕೊಂಡಳು, ನರ್ಸಮ್ಮ ಅಂತ ಕಾಂಪೌಂಡರ್ ಅಂದ್ಕೊಂಡ. ಯಾರೂ ಯಾರನ್ನೂ ಕೇಳಲಿಲ್ಲ. ಅರ್ಧ ಬೆಂದ ಸೂಜಿ ಮಗುವಿನ ಹಿಂದೆ ಬಂದವರ ಮೈಗೆ ಹೋಯ್ತು."

ಡಾಕ್ಟರು ತಮ್ಮ ಎಡಗೈಯನ್ನೇ ನೋಡಿಕೊಂಡರು. ಮುಖ ಬಿಳುಚಿತ್ತು. ಆ ಮೆತ್ತನೆ ಮನಸ್ಸಿನ ಮನುಷ್ಯನನ್ನು ಕಂಡು ಕಾಂಪೌಂಡರಿಗೆ ಅಯ್ಯೋ ಎನಿಸಿತು. ಡಾಕ್ಟರು ಎದ್ದು ಮೊದಲು ದರ್ಜಿಯ ಮುಂದೆ ನಿಂತರು.

"ನಿನ್ನ ಬೆರಳು ಕೆಡಿಸಿದ್ದು ನಾನು. ವಾಸಿಯಾಗೋವರೆಗೆ ನಾನೇ ಮನೆಗೆ ಬಂದು ಕಟ್ಟು ಕಟ್ತೀನಿ." ಆಮೇಲೆ ನರ್ಸಮ್ಮನತ್ತ ತಿರುಗಿದರು. "ತಪ್ಪಾಯ್ತಮ್ಮ."

"ಪಾತ್ರೆ ನನ್ನ ಕೋಣೆಗೆ ಬರಬೇಕು," ಎಂದರು ನರ್ಸಮ್ಮ. "ಸ್ವಿಚ್ಚು ನಾನೊಬ್ಬಳೇ ಮುಟ್ಟೋದು. ನೀವೂ ಮುಟ್ಟಬಾರದು."

"ಆಗಲಿ," ಎಂದ ಡಾಕ್ಟರು, ಮೇಜಿನ ಮೇಲೆ ಮಡಚಿಟ್ಟಿದ್ದ ಏಪ್ರನ್ನನ್ನು ಎರಡೂ ಕೈಯಲ್ಲಿ ಎತ್ತಿ ಅವರಿಗೆ ಕೊಟ್ಟರು.