ದೇಮವ್ವನ ಕೆಂಡದ ಗಡಿಗೆ

ಬಹಳ ಹಿಂದೆ, ಒಂಟೆಗೂ ಬಿಸಿಲೆಂದರೆ ಬೇಸರವಿದ್ದ ಕಾಲದಲ್ಲಿ, ಮಳಲನಾಡು ಎಂಬ ಮರಳುಗಾಡಿನ ರಾಜ್ಯವಿತ್ತು. ಅಲ್ಲಿ ವರ್ಷಕ್ಕೊಂದೇ ಮಳೆ. ಆ ಒಂದು ಮಳೆಗೆ ಮರಳಿನ ಮೇಲೆ ಎದೆಯೆತ್ತರದ ಹುಲ್ಲು ಏಳುತ್ತಿತ್ತು. ಬೇಸಿಗೆ ಬಂದರೆ ಅದೇ ಹುಲ್ಲು ಗರಗರ ಒಣಗಿ, ಒಂದು ಕಿಡಿ ಬಿದ್ದರೆ ಸಾಕೆಂದು ಕಾದು ನಿಲ್ಲುತ್ತಿತ್ತು.

ಅದಕ್ಕೇ ಆ ನಾಡಿಗೊಂದು ಕಟ್ಟು. ಪಡುವಣದ ಒಣಗಾಳಿ ಬೀಸತೊಡಗಿದ ದಿನ ಅರಮನೆಯ ನಗಾರಿ ಬಾರಿಸುತ್ತಿದ್ದರು. ಕೂಡಲೇ ದೊರೆಯಿಂದ ಹಿಡಿದು ಕುರಿ ಕಾಯುವವನ ತನಕ ಎಲ್ಲರೂ ಒಲೆ ಆರಿಸಬೇಕು. ಅನ್ನದ ಗಡಿಗೆಯನ್ನು ಕಾದ ಮರಳಿನಲ್ಲಿ ಹೂತಿಟ್ಟು ಬೇಯಿಸಿಕೊಳ್ಳಬೇಕು. ಅನ್ನ ಅರೆಬೆಂದಿರುತ್ತಿತ್ತು, ಹಲ್ಲಿಗೆ ಮರಳೂ ಸಿಗುತ್ತಿತ್ತು. ದೊರೆಯೂ ಗೊಣಗುತ್ತಲೇ ಉಣ್ಣುತ್ತಿದ್ದ. ನಾಡಿಗೆಲ್ಲ ಉಳಿಯುತ್ತಿದ್ದುದು ಊರ ಹೊರಗಿನ ಕಲ್ಲುಮನೆಯಲ್ಲಿದ್ದ ಮೂಲದೊಲೆ ಒಂದೇ. ಅದನ್ನು ಕಾಯುತ್ತಿದ್ದವಳು ದೇಮವ್ವ.

ಬಾಣಂತಿಗೋ ರೋಗಿಗೋ ಬಿಸಿನೀರು ಬೇಕೆಂದು ಕೆಂಡ ಕೇಳಲು ಬಂದವರಿಗೆ ದೇಮವ್ವ ಇಲ್ಲವೆನ್ನುವಂತಿರಲಿಲ್ಲ. ಆದರೆ ಕೊಡುವುದಕ್ಕೊಂದು ಕ್ರಮವಿತ್ತು. ಕೆಂಡವನ್ನು ಗಡಿಗೆಯಲ್ಲಿಟ್ಟು, ಬೂದಿ ಮುಚ್ಚಿ, ತಾನೇ ಹೊತ್ತು ನಡೆದು, ಕೇಳಿದವರ ಒಲೆ ಸೇರಿಸಿ ಬರಬೇಕು. ಕೇಳಿದವನು ಕೆಂಡ ಎದುರಿಗೆ ಬಂದಾಗ ಎದ್ದು ಹೋಗುವಂತಿಲ್ಲ. ಕೆಂಡ ಯಾರ ಒಲೆ ಸೇರಿತೋ ಅವನು ಆ ನಾಡಿನ ಒಕ್ಕಲು, ಅದರ ಕಟ್ಟಿಗೆ ಒಳಪಟ್ಟವನು. ಈ ಕಟ್ಟು ಮನುಷ್ಯರಿಗೆ ಹೇಗೋ ಮಾಯಗಾರರಿಗೂ ಹಾಗೆಯೇ.

ಮಾಯಗಾರನೂ ಒಬ್ಬನಿದ್ದ, ಧಗೆರಾಯ ಅಂತ. ಬೋಳುಗುಡ್ಡದ ಗವಿಯಲ್ಲಿ ಅವನ ವಾಸ. ಅವನದು ಒಲೆಯಿಲ್ಲದವನಿಗೆ ಮಾತ್ರ ದಕ್ಕುವ ವಿದ್ಯೆ. ಮೂಲದೊಲೆಯ ಒಂದು ಕೆಂಡ ಕೈಗೆ ಸಿಕ್ಕರೆ ಅದರಿಂದ ಬೆಂಕಿಗೂಳಿಯನ್ನು ಎಬ್ಬಿಸಬಲ್ಲ. ಗೂಳಿ ನಾಡಿನ ಹುಲ್ಲನ್ನೆಲ್ಲ ಮೇಯುತ್ತದೆ, ಜನ ಗುಳೆ ಹೋಗುತ್ತಾರೆ, ಆಮೇಲೆ ತಾನೇ ದೊರೆ ಎಂದು ಅವನ ಎಣಿಕೆ. ಬೂದಿಗೆ ದೊರೆಯಾಗಿ ಮಾಡುವುದೇನು ಎಂದು ಯಾರೂ ಅವನನ್ನು ಕೇಳಿರಲಿಲ್ಲ.

ಆ ಬೇಸಿಗೆ ಧಗೆರಾಯ ಮೊದಲು ಕೆಮ್ಮುವ ಮುದುಕಿಯಾಗಿ ಬಂದ. ಕಷಾಯಕ್ಕೆ ಕೆಂಡ ಬೇಕೆಂದ. ದೇಮವ್ವ ಗಡಿಗೆ ಹೊತ್ತು ಜೊತೆಗೆ ನಡೆದಳು. ಒಂದು ಮುಳ್ಳುಪೊದೆಯ ಹತ್ತಿರ ಮುದುಕಿ, "ಇಲ್ಲೇ ಇಟ್ಟು ಹೋಗವ್ವ" ಅಂದಳು.

"ನಿನ್ನ ಒಲಿ ಎಲ್ಲೈತಿ, ಆಯಿ?"

ಒಲೆ ಇರಲಿಲ್ಲ. ದೇಮವ್ವ ಕೆಂಡ ವಾಪಸು ತಂದಳು.

ಎರಡನೆಯ ಸಲ ಕಮ್ಮಾರನಾಗಿ ಬಂದ. "ಹೆಣ್ಮಗಳು ನೀ, ಭಾರ ಯಾಕ ಹೊರ್ತಿ? ನನ್ನ ಕೈಗೆ ಕೊಡು" ಅಂದ. "ಭಾರ ನನಗ ರೂಢಿ ಐತಿ" ಎಂದು ಆಕೆ ಹೊತ್ತೇ ನಡೆದಳು. ಅವನಿಗೂ ಒಲೆ ಇರಲಿಲ್ಲ. ಕೆಂಡ ವಾಪಸು ಬಂತು.

ಮೂರನೆಯ ಸಲ ಬರಮನಾಗಿ ಬಂದ. ಬರಮ ದೇಮವ್ವನ ತಂಗಿಯ ಗಂಡ. ತಂಗಿ ನೀಲವ್ವ ಮೂಡಲ ದಿಕ್ಕಿನ ಹುಲ್ಲೂರಿನಲ್ಲಿದ್ದಳು, ತುಂಬು ಬಸುರಿ. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ ಬೆಳೆಸಿದವಳು ದೇಮವ್ವನೇ.

"ಅತ್ತಿಗೀ, ನೀಲಾಗ ಬ್ಯಾನಿ ಸುರು ಆಗ್ಯಾವ. ನಿನ್ನ ಹೆಸರ ಹಿಡದು ಚೀರಾಕತ್ಯಾಳ. ನೀ ಅಡ್ಡದಾರಿ ಹಿಡದು ಓಡು, ಗಡಗಿ ನಾ ತರ್ತೀನಿ."

ದೇಮವ್ವ ಗಡಿಗೆಯನ್ನು ಅವನ ಕೈಗೆ ಕೊಟ್ಟು ಓಡಿದಳು. ಕಟ್ಟು, ಕ್ರಮ ಒಂದೂ ನೆನಪಿಗೆ ಬರಲಿಲ್ಲ. ತಂಗಿಯ ಮುಖವೊಂದೇ ಕಣ್ಣ ಮುಂದಿತ್ತು.

ಹುಲ್ಲೂರು ಮುಟ್ಟಿದಾಗ ನೀಲವ್ವ ಗುಡಿಸಲ ನೆರಳಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಬರಮ ಕುರಿಯ ಉಣ್ಣೆ ಕತ್ತರಿಸುತ್ತಿದ್ದ.

"ಯಾಕಕ್ಕಾ, ಹಿಂಗ ಓಡಿ ಬಂದಿ?" ಅಂದಳು ನೀಲವ್ವ.

ದೇಮವ್ವ ತಿರುಗಿ ನೋಡಿದಳು. ಪಡುವಣದಲ್ಲಿ ಹೊಗೆ ಏಳುತ್ತಿತ್ತು. ಹೊಗೆಯೊಳಗಿಂದ ಬೆಂಕಿಗೂಳಿ ಹುಲ್ಲು ಮೇಯುತ್ತಾ ಬರುತ್ತಿತ್ತು. ಅದು ಕಾಲಿಟ್ಟಲ್ಲೆಲ್ಲ ಉರಿ. ತನ್ನ ಕೈಯಾರೆ ಕೊಟ್ಟ ಕೆಂಡ ತನ್ನ ತಂಗಿಯನ್ನೇ ಸುಡಲು ಬರುತ್ತಿದೆ ಎಂದು ಆಕೆಗೆ ತಿಳಿಯಿತು.

ಊರವರು ದಿಕ್ಕೆಟ್ಟರು. ತುಂಬು ಬಸುರಿ ಓಡುವಂತಿಲ್ಲ, ಓಡಿದರೂ ಗೂಳಿ ಗಾಳಿಗಿಂತ ಮುಂದೆ. ಇಬ್ಬರು ಮೂವರು ಗುದ್ದಲಿ ಹಿಡಿದು ನಿಜವಾಗಿಯೂ ಬಾವಿ ತೋಡಲು ನಿಂತರು. ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆ ಸುಮ್ಮನೆ ಹುಟ್ಟಿಲ್ಲ.

ಅಷ್ಟರಲ್ಲಿ ಗಾಳಿಯಲ್ಲಿ ಹಾರಿ ಬಂದ ಕಿಡಿಯೊಂದು ಒಣಗಿದ ಒಂಟೆಲದ್ದಿಯ ಮೇಲೆ ಬಿತ್ತು. ದೇಮವ್ವ ಅದನ್ನು ಒಡೆದ ಗಡಿಗೆಯ ಬೋಕಿಯಲ್ಲಿ ಎತ್ತಿಕೊಂಡು ಊರಿನ ಮೂಡಲಿಗೆ ಓಡಿ, ಅಲ್ಲಿನ ಹುಲ್ಲಿಗೆ ಹಚ್ಚಿದಳು.

"ಅತ್ತಿಗೀ, ತಲಿ ಕೆಟ್ಟೈತೇನು? ಆ ಕಡಿಗೂ ಬೆಂಕಿ ಹಾಕ್ತಿಯಲ್ಲ!" ಬರಮ ಕೂಗಿದ.

"ಮುಳ್ಳನ್ನ ಮುಳ್ಳಿಂದನಽ ತಗೀಬೇಕು. ಗೂಳಿಗೆ ಮೇವು ಇಲ್ಲದ ಜಾಗ ಮಾಡಾಕತ್ತೀನಿ. ನೀಲಾನ್ನ ಎತ್ಕೋ!"

ಪಡುವಣದ ಗಾಳಿ ಆ ಉರಿಯನ್ನು ಮೂಡಲಿಗೆ ಅಟ್ಟಿಕೊಂಡು ಹೋಯಿತು. ದೂರದ ಕಲ್ಲುಹಾಸಿನಲ್ಲಿ ಸುಡಲು ಏನೂ ಸಿಗದೆ ಅದು ಆರಿತು. ಊರವರೆಲ್ಲ ಕುರಿ, ಒಂಟೆಗಳ ಸಮೇತ ಸುಟ್ಟ ಕರಿನೆಲಕ್ಕೆ ಹೋಗಿ ನಿಂತರು. ಅಂಗಾಲು ಚುರುಗುಟ್ಟಿದರೂ ಯಾರೂ ಕದಲಲಿಲ್ಲ.

ಗೂಳಿ ಗುಡಿಸಲುಗಳನ್ನು ತಿಂದು ಮುಂದೆ ಬಂತು. ಕರಿನೆಲವನ್ನು ಮೂಸಿತು. ಮೇವಿಲ್ಲ. ಒಂದು ಸುತ್ತು ಬಂತು, ಹಸಿದು ಕರುವಾಯಿತು. ಇನ್ನೊಂದು ಸುತ್ತಿಗೆ ಬೆಕ್ಕಾಯಿತು. ಮೂರನೆಯ ಸುತ್ತಿಗೆ ದೇಮವ್ವನ ಕಾಲ ಬಳಿ ಒಂದು ಕೆಂಡವಾಗಿ ಬಿತ್ತು.

ದೇಮವ್ವ ಅದನ್ನು ಊರವರು ಹೊತ್ತು ತಂದಿದ್ದ ಒಂದು ಗಡಿಗೆಗೆ ಹಾಕಿ, ಬೂದಿ ಮುಚ್ಚಿ, ಹೊತ್ತು ಹೊರಟಳು. "ಈಗೆಲ್ಲಿಗಕ್ಕಾ?" ಅಂದಳು ನೀಲವ್ವ.

"ಕೇಳಿದವನ ಒಲಿಗೆ. ಗೂಳಿ ಎಬ್ಬಿಸೋ ವಿದ್ಯಾ ಆ ಧಗೆರಾಯಗ ಒಬ್ಬಗ ಗೊತ್ತೈತಿ. ಆಗ ಬಿಟ್ಟ ಕೆಲಸ ಈಗ ಮುಗಸ್ತೀನಿ."

ಬೋಳುಗುಡ್ಡದ ಮೇಲೆ ಧಗೆರಾಯ ಕೂತಿದ್ದ. ಗಡಿಗೆ ಕಂಡದ್ದೇ ಏಳಲು ನೋಡಿದ. ಕಾಲು ಏಳಲಿಲ್ಲ, ಕಟ್ಟು ಕಟ್ಟೇ.

"ಕೆಂಡ ಕೇಳಿದ್ಯಲ್ಲ, ನಿನ್ನ ಒಲಿ ಎಲ್ಲೈತಿ?"

"ನನಗ ಒಲಿ ಇಲ್ಲ, ಹೋಗು!"

"ಇಲ್ಲದಿದ್ರ ಹೂಡೋಣು, ಅದಕ್ಕೇನು" ಎಂದು ದೇಮವ್ವ ಮೂರು ಕಲ್ಲು ತಂದು ಅವನ ಮುಂದಿಟ್ಟು, ನಡುವೆ ಕೆಂಡ ಹಾಕಿದಳು.

ಧಗೆರಾಯನ ವಿದ್ಯೆಯೆಲ್ಲ ಹೊಗೆಯಂತೆ ಹೋಯಿತು. ಉಳಿದವನು ಒಬ್ಬ ಬಡಕಲು ಮುದುಕ. ಎಷ್ಟೋ ಕಾಲದ ಮೇಲೆ ಅವನಿಗೆ ಹಸಿವಾಯಿತು. ದೇಮವ್ವನಿಗೆ ಸಿಟ್ಟು ಕುದಿಯುತ್ತಿತ್ತು, ಆದರೂ ಒಂದು ಬಟ್ಟಲು ಗಂಜಿ ಕಾಸಿ ಕೊಟ್ಟಳು. ಆಮೇಲೆ, "ಈಗ ನೀ ಈ ನಾಡಿನ ಒಕ್ಕಲು. ನಗಾರಿ ಆಗೈತಿ, ಒಲಿ ಆರಿಸು" ಅಂದಳು. ಅವನು ತನ್ನ ಕೈಯಿಂದಲೇ ಮರಳು ಹಾಕಿ ಆರಿಸಿದ. ದೊರೆ ಅವನನ್ನು ಅದೇ ಗುಡ್ಡದ ಮೇಲೆ, ಎಲ್ಲಾದರೂ ಹೊಗೆ ಎದ್ದೀತೇ ಎಂದು ಕಾಯುವ ಕೆಲಸಕ್ಕೆ ಹಾಕಿದ.

ಹುಲ್ಲೂರಿನವರಿಗೆ ಅರಮನೆಯಿಂದ ಗುಡಾರಗಳು ಬಂದವು. ಆ ವಾರ ಕಳೆಯುವುದರೊಳಗೆ ಬರಮ ಏದುಸಿರು ಬಿಡುತ್ತಾ ಕಲ್ಲುಮನೆಗೆ ಬಂದ. "ಅತ್ತಿಗೀ, ನೀಲಾಗ ಬ್ಯಾನಿ! ನಿನ್ನ ಹೆಸರ ಹಿಡದು ಚೀರಾಕತ್ಯಾಳ!"

ಈ ಸಲ ಅದು ನಿಜವೇ ಆಗಿತ್ತು. ದೇಮವ್ವ ಗಡಿಗೆಗೆ ಕೆಂಡ ಹಾಕಿ, ಬೂದಿ ಮುಚ್ಚಿ, ತಲೆಯ ಮೇಲಿಟ್ಟುಕೊಂಡಳು. "ನೀ ಮುಂದ ಓಡು. ನಾ ಗಡಗಿ ಕೂಡ ಬರ್ತೀನಿ."

ದೂರದಿಂದಲೇ ತಂಗಿಯ ಕೂಗು ಕೇಳಿತು. "ಅಕ್ಕಾ! ಅಕ್ಕಾ!" ದೇಮವ್ವನ ಕಾಲುಗಳು ಓಡಲು ತವಕಿಸಿದವು. ಓಡಿದರೆ ಬೂದಿ ಸರಿಯುತ್ತದೆ, ಕಿಡಿ ಹಾರುತ್ತದೆ. ಆಕೆ ಕಣ್ಣೀರು ಸುರಿಸುತ್ತಾ ಒಂದೊಂದೇ ಹೆಜ್ಜೆ ಇಟ್ಟು ನಡೆದಳು. ಗುಡಾರದ ಮುಂದಿನ ಒಲೆಗೆ ಕೆಂಡ ಸೇರಿಸುವಾಗ ಒಳಗಿನಿಂದ ಕೂಸಿನ ಅಳು ಕೇಳಿಸಿತು.

"ತಡ ಮಾಡಿದಿ ಅಕ್ಕಾ" ಅಂದಳು ನೀಲವ್ವ.

"ಹೌದವ್ವಾ, ತಡ ಮಾಡಿದೆ" ಎನ್ನುತ್ತಾ ದೇಮವ್ವ ಬಿಸಿನೀರಿನಲ್ಲಿ ಕೂಸನ್ನು ಮೀಯಿಸಿದಳು.

ಮಳಲನಾಡಿನವರು ಮಳೆ ಬಂದಾಗ ಒಲೆಯ ಅನ್ನ ಉಂಡು, ಬಿಸಿಲು ಬಂದಾಗ ಮರಳಿನ ಅನ್ನ ಉಂಡು, ಗೊಣಗುತ್ತಾ ಸುಖವಾಗಿ ಬಾಳಿದರು.